ಹೆಸರು ಆಕರ್ಮನ್‌ದು, ಕೆಲಸ ಬೇರೆಯವರದು

1.
ದೋಸ್ತ್ರ, ಫೋಟೋದಾಗಿನ ಆರ್‌ಸಿ ಟ್ರಕ್ಕಿನ ಮುಂದಿನ ಗಾಲಿ ಸರಿಯಾಗಿ ನೋಡ್ರಿ. ಎಡಕ್ಕೆ ಹೊರಳಿಸಿ ಇಟ್ಟೀನಿ. ಎರಡೂ ಗಾಲಿ ಒಂದೇ ಸಮ ಹೊರಳಿಲ್ಲ, ಎಡಗಡೆಯದು ಸ್ವಲ್ಪ ಜಾಸ್ತಿ ಹೊರಳೈತಿ. ಕೆಟ್ಟಿಲ್ಲ, ಬೇಕಂತನ ಹಂಗ ಮಾಡಿದ್ದು. ಇದಕ್ಕೆ ಆಕರ್ಮನ್ ಸ್ಟೀರಿಂಗ್ ಅಂತಾರ. ಈ ಹೆಸರಿನಲ್ಲಿ 200 ವರ್ಷದ ಒಂದು ಬಾಕಿ ಉಳಿದಿದೆ.

2.
ಮೊದಲು ಕಾರಣ. ಗಾಡಿ ತಿರುಗುವಾಗ ಒಳಗಿನ ಗಾಲಿ ಸಣ್ಣ ಸುತ್ತು ಹಾಕುತ್ತದೆ, ಹೊರಗಿನದು ದೊಡ್ಡ ಸುತ್ತು. ನಮ್ಮ ಚಕ್ಕಡಿಗೆ ಇದು ತ್ರಾಸೇ ಅಲ್ಲ. ಇರೋದೇ ಎರಡು ಗಾಲಿ, ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ. ದಿಕ್ಕು ಎತ್ತಿನ ಜವಾಬ್ದಾರಿ. ಜಾತ್ರೆಯ ಕಟ್ಟಿಗೆ ತೇರಿನ ಗಾಲಿ ಹೊರಳುವುದೇ ಇಲ್ಲ. ಗಾಲಿಗೆ ಕಟ್ಟಿಗೆ ತುಂಡು ಕೊಟ್ಟು, ಒಂದು ಕಡೆ ತಡೆದು, ತೇರನ್ನು ತಿರುಗಿಸ್ತಾರ. ಜನ ಹಗ್ಗ ಜಗ್ಗುವಾಗ ಗಾಲಿ ಪಕ್ಕ ಬಗ್ಗಿ ನಿಂತವರ ಜೀವ ಅವರ ಕೈಯಾಗೇ ಇರ್ತದ. ಅವರ ಹೆಸರು ನಮಗ್ಯಾರಿಗರ ಗೊತ್ತೈತೇನು?

3.
ಯುರೋಪಿನ ನಾಲ್ಕು ಗಾಲಿಯ ಕುದುರೆ ಗಾಡಿಯಲ್ಲಿ ಮುಂದಿನ ಅಚ್ಚು ಪೂರ್ತಿ ನಡುವಿನ ಒಂದೇ ಮೊಳೆಯ ಮೇಲೆ ತಿರುಗುತ್ತಿತ್ತು. ಜೋರಾಗಿ ತಿರುಗಿಸಿದರೆ ಆಧಾರ ಕಿರಿದಾಗಿ ಗಾಡಿ ಪಲ್ಟಿ ಹೊಡೆಯುವ ಭಯ. ಊರೂರು ಸುತ್ತಿ ರೋಗಿಗಳನ್ನು ನೋಡುತ್ತಿದ್ದ ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ಡಾರ್ವಿನ್ (ಚಾರ್ಲ್ಸ್ ಡಾರ್ವಿನ್ನನ ಅಜ್ಜ) 1750ರ ದಶಕದ ಕೊನೆಗೇ ಉಪಾಯ ಹುಡುಕಿದ್ದ: ಅಚ್ಚು ಅಲ್ಲೇ ಇರಲಿ, ಒಂದೊಂದು ಗಾಲಿ ತನ್ನ ಕೀಲಿನ ಮೇಲೆ ಹೊರಳಲಿ. ಆದರೆ ಪೇಟೆಂಟ್ ಮಾಡಿಸಲಿಲ್ಲ. ಮುಂದೆ ಮ್ಯೂನಿಕ್‌ನಲ್ಲಿ ಇಂಥದ್ದನ್ನೇ ಮಾಡಿದವನು ಗಾಡಿ ಕಟ್ಟುವ ಗೇಯೋರ್ಗ್ ಲಾಂಕನ್‌ಸ್ಪೆರ್ಗರ್. 1818ರಲ್ಲಿ ಇಂಗ್ಲೆಂಡಿನ ಪೇಟೆಂಟ್ ಪಡೆದವನು ಲಂಡನ್ನಿನಲ್ಲಿದ್ದ ಅವನ ಏಜೆಂಟ್, ಪುಸ್ತಕ ಪ್ರಕಾಶಕ ರುಡಾಲ್ಫ್ ಆಕರ್ಮನ್.

ಬಿಕಾಂದವರು ನೆನಪು ಮಾಡ್ಕೊಳ್ರಿ: 1872ರ ಕರಾರು ಕಾಯ್ದೆ, ಸೆಕ್ಷನ್ 182. ಏಜೆಂಟ್ ಅಂದ್ರ ಇನ್ನೊಬ್ಬರ ಪರವಾಗಿ ಕೆಲಸ ಮಾಡೋನು. ಇಲ್ಲಿ ಏಜೆಂಟನ ಹೆಸರು ಉಳೀತು, ಕೆಲಸ ಮಾಡಿದವನ ಹೆಸರು ಹೋತು.

4.
ಈಗ ನಮ್ಮ ಟ್ರಕ್. ಮುಂದಿನ-ಹಿಂದಿನ ಅಚ್ಚಿನ ನಡುವೆ 33 ಸೆಂ.ಮೀ., ಎಡ-ಬಲ ಕೀಲಿನ ನಡುವೆ 25 ಸೆಂ.ಮೀ. ಅಂತ ಹಿಡೀರಿ. 1 ಮೀಟರ್ ತ್ರಿಜ್ಯದ ಸುತ್ತಿಗೆ ಒಳಗಿನ ಗಾಲಿ ಸುಮಾರು 21 ಡಿಗ್ರಿ, ಹೊರಗಿನದು 16 ಡಿಗ್ರಿ ಹೊರಳಬೇಕು. ಮೆಲ್ಲಗೆ ಹೋಗುವ ಬಿಗಿ ತಿರುವಿಗೆ ಈ ಲೆಕ್ಕ ಸರಿ. ಜೋರು ಓಡುವಾಗ ಗಾಲಿ ಜಾರುತ್ತದೆ, ಭಾರ ಹೊರಗಿನ ಗಾಲಿಗೆ ಬೀಳುತ್ತದೆ. ಅದಕ್ಕೇ ರೇಸಿನವರು ಈ ವ್ಯತ್ಯಾಸ ಕಡಿಮೆ ಮಾಡಿಯೂ ನೋಡ್ತಾರ. ಸ್ಟೀರಿಂಗ್ ಲಿಂಕ್ ಕೂಡಿಸಲು ಒಂದಕ್ಕಿಂತ ಹೆಚ್ಚು ತೂತು ಇರೋದು ಇದಕ್ಕೇ.

ಹೋಲಿಸಬೇಕಂದ್ರ ಒಂದು ಸಲಕ್ಕೆ ಒಂದೇ ತೂತು ಬದಲಿಸ್ರಿ. ಟೈರ್, ಬ್ಯಾಟರಿ, ಸುತ್ತು ಎಲ್ಲಾ ಅವೇ ಇರಲಿ. ಎರಿ ಮಣ್ಣಿನ ಮೇಲೆ ಒಂದು ಸಲ, ಮಸಾರಿ ಮೇಲೆ ಒಂದು ಸಲ ಓಡಿಸ್ರಿ. ಎರಡು ಕಡೆ ಒಂದೇ ಉತ್ತರ ಬರಬೇಕಂತಿಲ್ಲ.

5.
ಸಿಕ್ಕ ಸೆಟ್ಟಿಂಗ್ ನೋಟ್‌ಬುಕ್‌ನಾಗ ಬರೆದಿಡ್ರಿ: ಯಾವ ತೂತು, ಯಾವ ಮಣ್ಣು, ಎಷ್ಟು ಸೆಕೆಂಡ್. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕ್ರಿ, ಅದನ್ನು ಹುಡುಕಿದ್ದು ಯಾರು ಅಂತ. ಟ್ರಕ್ ಯಾರದೇ ಇರಲಿ, ಹುಡುಕಿದವನ ಹೆಸರೇ ಬರೀರಿ.