ತ್ರ್ಯಂಬಕದ ವಹಿಯಿಂದ ಪಿಡಿಎಫ್‌ವರೆಗೆ

ತ್ರ್ಯಂಬಕೇಶ್ವರಕ್ಕೆ ನಾರಾಯಣ ನಾಗಬಲಿ ಮಾಡಿಸಲು ಹೋದವರಿಗೆ ಅಲ್ಲಿಯ ತೀರ್ಥಪುರೋಹಿತರು ಕೇಳುವ ಮೊದಲ ಪ್ರಶ್ನೆ ಊರು ಯಾವುದು, ಮನೆತನದ ಹೆಸರೇನು ಎಂಬುದು. ಉತ್ತರ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ವಹಿ ಹೊರಬರುತ್ತದೆ. ಹಿಂದೆ ಬಂದುಹೋದ ಹಿರಿಯರ ಹೆಸರು, ಮಕ್ಕಳು, ಬಂದ ದಿನ, ಎಷ್ಟೋ ಕಡೆ ಅವರದೇ ಕೈಬರಹ. ಹಳೆಯ ಪುಟಗಳು ಮೋಡಿ ಲಿಪಿಯಲ್ಲಿವೆ. ನಮ್ಮ ಕಸುಬಿನ ಮಾತಿನಲ್ಲಿ ಇದೊಂದು ಡೇಟಾಬೇಸ್; ಊರು ಮತ್ತು ಮನೆತನ ಅದರ ಇಂಡೆಕ್ಸ್. ರಿಪೋರ್ಟ್ ಅಚ್ಚು ಹಾಕಿ ಕೊಡುವ ಪದ್ಧತಿ ಇರಲಿಲ್ಲ. ಕೇಳಿದವರಿಗೆ ಕೇಳಿದಾಗ ಓದಿ ಹೇಳುವುದು, ಅಷ್ಟೆ.

ಊರು, ಸರ್ವೆ ನಂಬರು ಕೇಳಿ ಕಡತ ತೆಗೆಯುವ, ಹೆಚ್ಚುಕಡಿಮೆ ಇಂಥದ್ದೇ ಕ್ರಮ ನಮ್ಮ ಪಹಣಿಯದು. ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ಅದನ್ನು ಕೈಯಲ್ಲಿ ಬರೆದು ಇಟ್ಟುಕೊಂಡಿದ್ದರು. ಪ್ರತಿ ಬೇಕೆಂದರೆ ಲೆಕ್ಕಿಗರು ಸಿಗಬೇಕು, ಮನಸ್ಸೂ ಮಾಡಬೇಕು. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ರದ್ದಾದದ್ದೇ ಇದರ ನಿಜವಾದ ಬಲ ಎಂದು ನನ್ನ ಅನಿಸಿಕೆ. ಎರಡೂ ನಡೆಯಲಿ ಎಂದಿದ್ದರೆ ಕಂಪ್ಯೂಟರು ಮೂಲೆ ಸೇರುತ್ತಿತ್ತು.

ಬ್ಯಾಂಕು, ಕಾರ್ಖಾನೆಗಳಲ್ಲಿ ಕಥೆ ಬೇರೆ. ಅಲ್ಲಿ ರಿಪೋರ್ಟ್ ಎಂದರೆ ರಾತ್ರಿಯ ಬ್ಯಾಚ್: ಸಾಲಿಗೆ 132 ಅಕ್ಷರ ಹೊಡೆಯುವ ಲೈನ್ ಪ್ರಿಂಟರು, ಅಂಚಿನಲ್ಲಿ ತೂತುಗಳಿರುವ ಮಡಿಕೆ ಕಾಗದ, ಬೆಳಿಗ್ಗೆ ಹರಿದು ಹಂಚುವ ಕೆಲಸ. 1991ರಲ್ಲಿ ಅಡೋಬಿಯ ಜಾನ್ ವಾರ್ನಾಕ್ 'ಕ್ಯಾಮೆಲಾಟ್' ಎಂಬ ಟಿಪ್ಪಣಿ ಬರೆದರು: ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ತರಹ ಕಾಣಬೇಕು. 1993ರಲ್ಲಿ ಪಿಡಿಎಫ್ ಬಂತು, 2008ರಲ್ಲಿ ಐಎಸ್ಒ ಮಾನಕವಾಯಿತು. ಕಾಗದದ ಬದಲು ಕಡತಕ್ಕೆ 'ಮುದ್ರಿಸುವ' ಹುಸಿ ಪ್ರಿಂಟರುಗಳು ಬಂದವು. ಸಮಸ್ಯೆ ಚಿಕ್ಕದು, ಆದರೆ ಪ್ರಾಣ ತಿನ್ನುವಂಥದ್ದು: ಪ್ರತಿ ರಿಪೋರ್ಟಿಗೂ ಕಡತದ ಹೆಸರು ಕೇಳುವ ಕಿಟಕಿ ತೆರೆದು ನಿಲ್ಲುತ್ತದೆ. ಐನೂರು ಶಾಖೆ ಇದ್ದರೆ ಐನೂರು ಸಲ. ಹೆಸರನ್ನು ಡೇಟಾದಿಂದಲೇ ತೆಗೆದು, ಆ ಕಿಟಕಿಯನ್ನು ಮುಚ್ಚಿಸುವ ಸ್ಕ್ರಿಪ್ಟ್ ಬರೆಯುವುದೇ ಎಷ್ಟೋ ಜನರ ಮೊದಲ ಆಟೊಮೇಷನ್. ಆಮೇಲೆ ಪ್ರಿಂಟರಿನ ನಾಟಕವೇ ಬೇಡವೆಂದು ಪ್ರೋಗ್ರಾಮಿನಿಂದ ನೇರವಾಗಿ ಪಿಡಿಎಫ್ ಬರೆಯುವ ಲೈಬ್ರರಿಗಳು ಬಂದವು.

ಇಷ್ಟರಲ್ಲಿ ಕನ್ನಡಕ್ಕೆ ಏನಾಯಿತು? ಪಿಡಿಎಫ್ ಕಾಪಾಡುವುದು ಮುಖ್ಯವಾಗಿ ರೂಪವನ್ನು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಪುಟ ಚೆನ್ನಾಗಿಯೇ ಕಾಣುತ್ತದೆ. ನಕಲು ಮಾಡಿ ಬೇರೆಡೆ ಅಂಟಿಸಿದರೆ ತಲೆಬುಡವಿಲ್ಲದ ರೋಮನ್ ಚಿಹ್ನೆಗಳು. ಯೂನಿಕೋಡ್ ಬಳಸಿದರೂ ಪೂರ್ತಿ ಪಾರಾಗುವುದಿಲ್ಲ. 'ವರ್ಷ' ಪದದಲ್ಲಿ ನಾವು ಟೈಪಿಸುವಾಗ ರಕಾರ ಮೊದಲು ಬರುತ್ತದೆ, ಪುಟದಲ್ಲಿ ಅರ್ಕಾವತ್ತು 'ಷ'ದ ನಂತರ ಕೂರುತ್ತದೆ. ಕಣ್ಣಿಗೆ ಕಾಣುವ ಕ್ರಮದಲ್ಲೇ ಕಡತದಿಂದ ಅಕ್ಷರ ತೆಗೆದರೆ 'ವಷರ್' ಆಗುತ್ತದೆ. ಮೂಲ ಪಠ್ಯವನ್ನೂ ಜೊತೆಗಿಡಲು 2001ರ ಪಿಡಿಎಫ್ 1.4ರಲ್ಲೇ ಅವಕಾಶವಿತ್ತು. ಕನ್ನಡದ ರಿಪೋರ್ಟ್ ತಯಾರಿಸುವವರು ಅದನ್ನು ಬಳಸಿದ್ದು ನಾನು ಕಂಡದ್ದು ಬಹಳ ಕಡಿಮೆ.

ಕೈಯಲ್ಲಿ ಒಂದೆರಡು ಕಡತ ಮಾಡುತ್ತಿದ್ದಾಗ ಇದು ಸಣ್ಣ ಕಿರಿಕಿರಿ. ಬ್ಯಾಚ್ ಓಡಿಸಿದಾಗ ಒಂದೇ ರಾತ್ರಿಯಲ್ಲಿ ಸಾವಿರಾರು ಪುಟ, ಹುಡುಕಿದರೆ ಒಂದೂ ಸಿಗದು. ತ್ರ್ಯಂಬಕದ ಪುರೋಹಿತರು ಊರಿನ ಹೆಸರು ಕೇಳಿ ತಲೆಮಾರುಗಳ ಹಿಂದಿನ ಸಾಲು ತೆಗೆಯುತ್ತಾರೆ. ನಮ್ಮ ಸರ್ವರ್ ತನ್ನ ನಿನ್ನೆಯ ಕಡತದಲ್ಲೇ ತಡಕಾಡುತ್ತದೆ. ಸದ್ಯಕ್ಕೆ ನಮ್ಮ ತಂಡದಲ್ಲಿ ಕನ್ನಡದ ಬ್ಯಾಚ್ ಬಿಡುಗಡೆಗೆ ಮೊದಲು ಒಂದು ಪರೀಕ್ಷೆ ಸೇರಿಸಿದ್ದೇವೆ: ಯಾವುದಾದರೂ ಒಂದು ಪಿಡಿಎಫ್ ತೆರೆದು 'ವರ್ಷ' ಎಂದು ಹುಡುಕಬೇಕು. ಸಿಗದಿದ್ದರೆ ಬ್ಯಾಚ್ ವಾಪಸ್.