ಕಲಾದಗಿಗೆ ಬಾರದ ರೈಲು ಮತ್ತು ಲೋಕಾಪುರದ ನಿಲ್ದಾಣ

ನಮ್ಮ ಲೋಕಾಪುರದ ಮಗ್ಗುಲಲ್ಲಿಯೇ ಇರುವ ಕಲಾದಗಿಯು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು. ಘಟಪ್ರಭೆಯ ದಂಡೆಯ ಆ ಊರಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತ್ತು. 1857ರಲ್ಲಿ ಹಲಗಲಿಯ ಬೇಡರ ಮೇಲೆ ಸೈನ್ಯ ಹೋದದ್ದೂ ಕಲಾದಗಿಯಿಂದಲೇ. ಇಂದಿನ ವಿಜಾಪುರ, ಬಾಗಲಕೋಟೆ ಸೀಮೆಗೆ ಆಗ ಕಲಾದಗಿ ಜಿಲ್ಲೆಯೆಂದೇ ಹೆಸರು. ಈಗ ಅದು ಚಿಕ್ಕು, ದಾಳಿಂಬೆಗಳಿಗೆ ಹೆಸರಾದ ಒಂದು ಹಳ್ಳಿ.

ಈ ಬದಲಾವಣೆಯ ಹಿಂದೆ 1876–78ರ ಬರಗಾಲವಿದೆ. 1872 ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾದುದು ಕಾಣುತ್ತದೆ. ಅಂದು ಕಾಳು ಸಾಗಬೇಕಾದರೆ ಎತ್ತಿನ ಬಂಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಬಂಡಿ ಎಳೆಯುವವರಾರು? ಬೇರೆಡೆ ಧಾನ್ಯವಿದ್ದರೂ ಇಲ್ಲಿಗೆ ತಲುಪಿಸುವುದು ದುಸ್ತರವಾಯಿತು. ಬರದ ಸೀಮೆಗಳಿಗೆ ರೈಲು ಬೇಕೆಂಬ ಮಾತಿಗೆ ಸರಕಾರ ಕಿವಿಗೊಟ್ಟದ್ದು ಇಷ್ಟು ಜೀವಗಳು ಹೋದ ಮೇಲೆ!

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಾಲದಲ್ಲಿ, 1884ರ ಹೊತ್ತಿಗೆ, ಹೊಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಹಳಿ ಬಂದಿತು. ಅದು ವಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಹಾದುಹೋಯಿತು. ಬಾಗಲಕೋಟೆಗೆ ಪಶ್ಚಿಮದಲ್ಲಿ ಕೆಲವೇ ಹರದಾರಿ ದೂರದ ಕಲಾದಗಿಯನ್ನು ಮುಟ್ಟಲಿಲ್ಲ. 1880ರ ದಶಕದ ನಡುವೆ ಜಿಲ್ಲಾ ಕೇಂದ್ರವೂ ವಿಜಾಪುರಕ್ಕೆ ಹೋಯಿತು. ಆದಿಲಶಾಹಿಯ ಹಳೆಯ ಕಟ್ಟಡಗಳಲ್ಲಿ ಕಚೇರಿಗಳು ಕುಳಿತವು. ಇದಕ್ಕೆ ರೈಲೊಂದೇ ಕಾರಣವೆನ್ನಲಾರೆ. ಆದರೆ ಹಳಿ ಬಂದ ಊರು ಬೆಳೆದದ್ದು, ಹಳಿ ಬಾರದ ಊರು ಸೊರಗಿದ್ದು ನಮ್ಮ ಕಣ್ಣೆದುರಿಗಿದೆ.

ಕೃಷ್ಣೆಯ ದಡದ ಕುಡಚಿಯಲ್ಲಿ ಮಿರಜ–ಲೋಂಡಾ ಮಾರ್ಗ ಹಾದುಹೋಗುತ್ತದೆ. ಬಾಗಲಕೋಟೆ ಮತ್ತು ಕುಡಚಿಗಳ ನಡುವಿನ ಮುಧೋಳ, ಜಮಖಂಡಿ ಸೀಮೆಗೆ ಮಾತ್ರ ಹಳಿಯಿರಲಿಲ್ಲ. 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ 2010–11ರಲ್ಲಿ ಮಂಜೂರಾತಿ ದೊರೆಯಿತು. ಖರ್ಚಿನ ಅರ್ಧ ಪಾಲು ರಾಜ್ಯದ್ದು, ಜಮೀನೂ ರಾಜ್ಯದ್ದೇ. ಮೊದಲು ಮುಗಿದದ್ದು ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಅಲ್ಲಿಂದ ಲೋಕಾಪುರದತ್ತ ಸಾಗಲು ವರ್ಷಗಳೇ ಹಿಡಿದವು. ಕಲಾದಗಿಯ ಸೀಮೆ ಹಳಿ ಕಾಣಲು ನೂರಮೂವತ್ತು ವರುಷಗಳಿಗೂ ಹೆಚ್ಚು ಕಾಯಬೇಕಾಯಿತು.

ಈ ಹೊತ್ತಿಗೆ ಜಪಾನಿನ ಒಂದು ಪುಟ್ಟ ನಿಲ್ದಾಣ ನೆನಪಾಗುತ್ತದೆ. ಹೊಕ್ಕೈಡೊ ದ್ವೀಪದ ಕ್ಯೂ-ಶಿರತಾಕಿ. ಒಬ್ಬಳೇ ವಿದ್ಯಾರ್ಥಿನಿಗಾಗಿ ಅಲ್ಲಿ ರೈಲು ನಿಲ್ಲುತ್ತಿತ್ತೆಂಬ ಕಥೆ 2016ರ ಜನವರಿಯಲ್ಲಿ ಜಗತ್ತೆಲ್ಲ ಹಬ್ಬಿತು. ನಿಮ್ಮಲ್ಲಿ ಹಲವರು ಓದಿರಬಹುದು. ಕಥೆಗೆ ಸಾಕಷ್ಟು ಬಣ್ಣ ಬಳಿಯಲಾಗಿತ್ತು. ಆ ರೈಲು ಬೇರೆ ಊರುಗಳ ಜನರನ್ನೂ ಒಯ್ಯುತ್ತಿತ್ತು. ಜನರಿಲ್ಲದೆ ಆ ನಿಲ್ದಾಣವನ್ನೂ ನೆರೆಯ ಎರಡನ್ನೂ ಅದೇ ಮಾರ್ಚಿನಲ್ಲಿ ಮುಚ್ಚಿದರು. ಆದರೂ ಶಾಲೆಗೆ ಹೋಗುವವರಿಗೆ ಆ ರೈಲು ಆಧಾರವಾಗಿದ್ದುದು ನಿಜ. ಮಾಸ್ತರನಾದ ನನಗೆ ಅಷ್ಟೇ ಮುಖ್ಯ.

ನಮ್ಮಲ್ಲಿ ಜನರಿಗೆ ಕೊರತೆಯಿಲ್ಲ. ಸುತ್ತಲೂ ಸುಣ್ಣದ ಕಲ್ಲು, ಮುದ್ದಾಪುರದ ಸಿಮೆಂಟ್ ಕಾರ್ಖಾನೆ, ಮುಧೋಳ ಸೀಮೆಯ ಕಬ್ಬು, ಸಕ್ಕರೆ. ಸರಕಿನ ಗಾಡಿಗಳು ಯಾರೂ ಕೇಳದೆಯೇ ಬರುತ್ತವೆ, ಅವುಗಳಿಂದ ಆದಾಯವಿದೆ. ಪ್ರಯಾಣಿಕರ ಗಾಡಿಯ ಮಾತು ಹಾಗಲ್ಲ. ಸಣ್ಣ ನಿಲ್ದಾಣದಲ್ಲಿ ಅದು ಎರಡು ನಿಮಿಷ ನಿಲ್ಲಬೇಕೆಂದರೂ ಅರ್ಜಿ ಬರೆಯಬೇಕು. ಊರಲ್ಲಿರುವ ನನ್ನ ವಿದ್ಯಾರ್ಥಿಗಳೇ, ಅರ್ಜಿ ಬರೆಯುವಾಗ ನಿಲುಗಡೆಯನ್ನಷ್ಟೇ ಕೇಳಬೇಡಿರಿ, ವೇಳೆಯನ್ನೂ ಕೇಳಿರಿ: ಮುಂಜಾನೆ ಕಾಲೇಜಿನ ಗಂಟೆಗೆ ಮೊದಲು ಬಾಗಲಕೋಟೆಗೆ ಮುಟ್ಟಿಸುವ ಒಂದು ಗಾಡಿ, ಸಂಜೆ ಮರಳಿ ತರುವ ಇನ್ನೊಂದು.