ಮತಪತ್ರ ಮನೆಗೆ ಬಂದ್ರೆ ಸಾಕಾ?



2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ 80 ವರ್ಷ ದಾಟಿದವರಿಗೆ, ಅಂಗವಿಕಲರಿಗೆ ಮನೆಯಲ್ಲೇ ವೋಟು ಹಾಕೋ ಅವಕಾಶ ಕೊಟ್ರು. ಸಿಬ್ಬಂದಿಯೇ ಮತಪತ್ರ ಹಿಡ್ಕೊಂಡು ಮನೆಗೆ ಹೋದ್ರು. ಒಳ್ಳೇ ಕೆಲಸ. ಆದ್ರೆ ಕೆಲವು ಗೆಳೆಯರು ಇನ್ನೂ ಮುಂದೆ ಹೋಗಿ, "ಅಮೆರಿಕದ ಥರ ಎಲ್ಲರಿಗೂ ಅಂಚೆಯಲ್ಲೇ ಕಳಿಸಿಬಿಡ್ಲಿ, ಬೂತು ಯಾಕೆ, ಕ್ಯೂ ಯಾಕೆ?" ಅಂತಾರೆ. ಹಾಗಾದ್ರೆ ಅಮೆರಿಕದ ಚರಿತ್ರೆಯನ್ನೇ ಸ್ವಲ್ಪ ನೋಡೋಣ.

ಆರೆಗನ್ ರಾಜ್ಯದ ಜನ 1998ರಲ್ಲಿ ತಾವೇ ವೋಟು ಹಾಕಿ ಈ ಪದ್ಧತಿ ಒಪ್ಪಿಕೊಂಡರು. 2000ದ ಅಧ್ಯಕ್ಷ ಚುನಾವಣೆಯನ್ನು ಅಲ್ಲಿ ಪೂರ್ತಿ ಅಂಚೆಯಲ್ಲೇ ನಡೆಸಿದರು. ಲಕೋಟೆ ಮನೆಗೆ ಬರುತ್ತೆ. ಗುರುತು ಹಾಕಿ, ಸಹಿ ಮಾಡಿ ವಾಪಸ್ ಕಳಿಸಬೇಕು. ಸಹಿ ತಾಳೆ ನೋಡಿ ಎಣಿಸ್ತಾರೆ. ಅಲ್ಲಿ ಮತದಾನ ಇರೋದು ಮಂಗಳವಾರ, ದೇಶಕ್ಕೆಲ್ಲ ರಜೆ ಇಲ್ಲ. ದುಡಿಯೋ ಜನಕ್ಕೆ ಅಂಚೆಯಿಂದ ಅನುಕೂಲ ಆಗಿದ್ದು ನಿಜ. ಅದನ್ನ ನಾನು ಅಲ್ಲಗಳೆಯಲ್ಲ.

ಈಗ ಯೂಟಾ ರಾಜ್ಯಕ್ಕೆ ಬನ್ನಿ. ಅಮೆರಿಕದ ಮೂಲನಿವಾಸಿಗಳಿಗೆಲ್ಲ 1924ರಲ್ಲೇ ಪೌರತ್ವ ಸಿಕ್ಕಿತ್ತು. ಆದ್ರೂ ಮೀಸಲು ಪ್ರದೇಶದಲ್ಲಿ ಇರೋರಿಗೆ ವೋಟು ಇಲ್ಲ ಅನ್ನೋ ಕಾನೂನನ್ನ ಯೂಟಾ ತೆಗೆದದ್ದು 1957ರಲ್ಲಿ. ಅಂದ್ರೆ ನಮ್ಮ ಕೇರಿಯ ಜನ 1952ರಲ್ಲೇ ವೋಟು ಹಾಕಿದ್ದರು, ಅವರು ಇನ್ನೂ ಕಾಯ್ತಾ ಇದ್ದರು!

ಆ ರಾಜ್ಯದ ಸ್ಯಾನ್ ವಾನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಅರ್ಧದಷ್ಟು ಜನ ನವಾಹೊ ಸಮುದಾಯದವರು. 2014ರಲ್ಲಿ ಕೌಂಟಿ ಆಡಳಿತ ಮತಗಟ್ಟೆಗಳನ್ನ ಮುಚ್ಚಿ ಅಂಚೆ ಮತದಾನ ತಂದಿತು. ಕೌಂಟಿ ಕೇಂದ್ರದಲ್ಲಿ ಒಂದೇ ಒಂದು ಮತಗಟ್ಟೆ ಉಳೀತು. ದೂರದ ನವಾಹೊ ಹಳ್ಳಿಗಳಿಂದ ಅಲ್ಲಿಗೆ ಕಾರಲ್ಲಿ ಗಂಟೆಗಟ್ಟಲೆ ದಾರಿ. ಎಷ್ಟೋ ಮನೆಗಳಿಗೆ ಬೀದಿ ಹೆಸರಿಲ್ಲ, ಮನೆ ನಂಬರಿಲ್ಲ, ಅಂಚೆಯವನು ಬಾಗಿಲಿಗೆ ಬರಲ್ಲ. ಹಿರಿಯರಲ್ಲಿ ಅನೇಕರಿಗೆ ನವಾಹೊ ಮಾತಾಡೋಕೆ ಬರುತ್ತೆ, ಇಂಗ್ಲಿಷ್ ಓದೋಕೆ ಬರಲ್ಲ. ಬೂತಿನಲ್ಲಿ ತಮ್ಮ ಭಾಷೇಲಿ ಹೇಳಿಕೊಡೋರು ಇರ್ತಿದ್ದರು. ಲಕೋಟೆ ಮಾತಾಡಲ್ಲವಲ್ಲ.

ಅವರು ಸುಮ್ಮನೆ ಕೂರಲಿಲ್ಲ. 2016ರಲ್ಲಿ ಕೋರ್ಟಿಗೆ ಹೋದರು. ಆಮೇಲೆ ಮತಗಟ್ಟೆಗಳು ತೆರೆದವು. 2018ರ ಒಪ್ಪಂದದಲ್ಲಿ ಭಾಷಾ ಸಹಾಯವನ್ನೂ ಪಡೆದುಕೊಂಡರು.

ನಾನು ಕಚೇರೀಲಿ ಟಪಾಲು ನೋಡೋ ಗುಮಾಸ್ತ. ಯಾವ ಲಕೋಟೆ "ವಿಳಾಸ ಪತ್ತೆಯಿಲ್ಲ" ಅಂತ ವಾಪಸ್ ಬರುತ್ತೆ ಅಂತ ಬಲ್ಲೆ. ಬಡಾವಣೆಯ ಬಂಗಲೆಗೆ ಹೋದದ್ದು ಬರಲ್ಲ. ಕಾಲೋನಿಗೆ, ಗುಡಿಸಲಿಗೆ, ಗುಳೆ ಹೋದವರ ಮನೆಗೆ ಹೋದದ್ದು ಬರುತ್ತೆ.

ಇನ್ನೊಂದು ಮಾತು, ಗುಟ್ಟಿನದು. ಇಂಗ್ಲೆಂಡಿನಲ್ಲಿ 1872ರವರೆಗೆ ವೋಟು ಬಹಿರಂಗ. ಗೇಣಿದಾರ ಯಾರಿಗೆ ವೋಟು ಹಾಕಿದ ಅಂತ ಜಮೀನ್ದಾರನಿಗೆ ಗೊತ್ತಾಗ್ತಿತ್ತು. ಅದಕ್ಕೇ ಗುಪ್ತ ಮತದಾನ ಬಂತು. ಮತಗಟ್ಟೆಯ ಆ ರಟ್ಟಿನ ಮರೆ ಇದೆಯಲ್ಲ, ಬಡವನಿಗೆ ಅದೇ ಕೋಟೆ. ಒಡೆಯನ ತೋಟಕ್ಕೆ ಕೂಲಿಗೆ ಹೋಗೋ ಮನೆಗೆ ಖಾಲಿ ಮತಪತ್ರ ಬಂದ್ರೆ ಗುರುತು ಹಾಕೋರು ಯಾರು? ಮನೆ ಹೆಣ್ಣುಮಗಳ ವೋಟು ಅವಳದ್ದಾಗಿಯೇ ಉಳಿಯುತ್ತಾ? ಯೋಚಿಸಿ.

ಹಾಗಂತ ಅಂಚೆ ಬೇಡವೇ ಬೇಡ ಅಂತಲ್ಲ. ಕೊಲೊರಾಡೊ ರಾಜ್ಯ 2013ರಲ್ಲಿ ಎಲ್ಲರಿಗೂ ಮತಪತ್ರ ಕಳಿಸೋ ಕಾನೂನು ಮಾಡ್ತು, ಜೊತೆಗೆ ಖುದ್ದಾಗಿ ಬಂದು ವೋಟು ಹಾಕೋ ಕೇಂದ್ರಗಳನ್ನೂ ಉಳಿಸ್ಕೊಳ್ತು. ಸರಿಯಾದ ದಾರಿ ಅದು. ಬೇಕಾದವರಿಗೆ ಅಂಚೆ ಇರಲಿ, ಯಾರ ಬೂತೂ ಮುಚ್ಚಬಾರದು.

1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಒಬ್ಬರಿಗೆ ಒಂದು ವೋಟು, ಒಂದೇ ಮೌಲ್ಯ, ಬದುಕಿನಲ್ಲಿ ಮಾತ್ರ ಅಸಮಾನತೆ. ಮನೆ ಆ ಬದುಕಿನೊಳಗಿದೆ. ಬೂತಿನ ಸಾಲಿನಲ್ಲಿ ಮಾತ್ರ ಒಡೆಯನೂ ನಮ್ಮ ಹಿಂದೆ ನಿಂತು ಕಾಯಬೇಕು. ಆ ಸಾಲು ಬಿಟ್ಟುಕೊಡಬೇಡಿ.

ಜೈ ಭೀಮ್, ಜೈ ಸಂವಿಧಾನ.